ವಿಮಾನ ಹೋಯಿತು, ಹಣ ಕೊಡುವವರಾರು?

ಬ್ಯಾರಿಸ್ಟರ್ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಖೂನಿಯ ಖಟ್ಲೆ, ಕರಿಯ ಗೌನು, ಮೇಜು ಗುದ್ದಿ ಆಡುವ ಮಾತು. ಲಂಡನ್ನಿನಲ್ಲಿ ಇನ್ನೊಂದು ಪಂಗಡದ ಬ್ಯಾರಿಸ್ಟರರಿದ್ದಾರೆ. ಅವರು ಖೂನಿಯ ಗೊಡವೆಗೆ ಹೋಗುವುದಿಲ್ಲ. ವಿಮಾನ, ವಿಮೆ, ಬಾಡಿಗೆಯ ಕರಾರು, ಇವೇ ಅವರ ಕಸುಬು. ಕರಾರಿನ ಒಂದೆರಡು ಶಬ್ದಗಳ ಮೇಲೆ ವಾರಗಟ್ಟಲೆ ವಾದಿಸುತ್ತಾರೆ. ಶಬ್ದಕ್ಕೆ ಅಷ್ಟು ಬೆಲೆಯೇ ಎಂದು ಕೇಳುವ ವಾಚಕರಿಗಾಗಿ ಈಚಿನ ಒಂದು ಖಟ್ಲೆಯ ಸಂಗತಿ ಹೇಳುತ್ತೇನೆ.

ವಿಮಾನದ ಮೈಮೇಲೆ ಒಂದು ಕಂಪನಿಯ ಹೆಸರಿದ್ದ ಮಾತ್ರಕ್ಕೆ ಅದು ಆ ಕಂಪನಿಯ ಸ್ವಂತದ್ದೆಂದು ತಿಳಿಯಬಾರದು. ಜಗತ್ತಿನ ಪ್ರಯಾಣಿಕ ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ಬಾಡಿಗೆಯವು. ರಷ್ಯದ ಕಂಪನಿಗಳೂ ಐರ್ಲೆಂಡಿನ ಏರ್‌ಕ್ಯಾಪ್ ಮೊದಲಾದ ಮಾಲಿಕರಿಂದ ವಿಮಾನಗಳನ್ನು ಬಾಡಿಗೆಗೆ ಪಡೆದಿದ್ದವು. 2022ರ ಫೆಬ್ರವರಿ 24ರಂದು ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚ್ 28ರೊಳಗೆ ಬಾಡಿಗೆ ಮುಗಿಸಿರೆಂದು ಐರೋಪ್ಯ ಒಕ್ಕೂಟ ಕಟ್ಟಪ್ಪಣೆ ಮಾಡಿತು. ಮಾಲಿಕರು ವಿಮಾನಗಳನ್ನು ಹಿಂದಕ್ಕೆ ಕೇಳಿದರು. ಮಾರ್ಚ್ 10ರಿಂದ ವಿಮಾನಗಳು ದೇಶ ಬಿಟ್ಟು ಹೋಗಕೂಡದೆಂದು ರಷ್ಯ ಸರಕಾರ ನಿರ್ಬಂಧ ಹಾಕಿತು. ನಾನೂರಕ್ಕೂ ಹೆಚ್ಚು ವಿಮಾನಗಳು ಅಲ್ಲೇ ಉಳಿದವು.

ಮಾಲಿಕರು ವಿಮೆ ಇಳಿಸಿದ್ದರು. ಆದರೆ ವಿಮಾನದ ವಿಮೆಯಲ್ಲಿ ಎರಡು ಖಾನೆಗಳು. ಒಂದು ಸಾಮಾನ್ಯ ಅಪಾಯಗಳದು. ಇನ್ನೊಂದು ಯುದ್ಧ, ಜಪ್ತಿ, ಸರಕಾರದ ಆಜ್ಞೆಯಿಂದಾದ ತಡೆ ಇತ್ಯಾದಿ. ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಬಾರದು. ಮೊದಲನೆಯ ಖಾನೆಯವರು, "ತಡೆದದ್ದು ಸರಕಾರ, ಯುದ್ಧದ ವಿಮೆಯವರನ್ನು ಕೇಳಿ" ಎಂದರು. ಯುದ್ಧದ ವಿಮೆಯವರು, "ಬಾಡಿಗೆದಾರರು ತಾವಾಗಿಯೇ ಇಟ್ಟುಕೊಂಡರು, ಅವರನ್ನು ಕೇಳಿ" ಎಂದರು. ಗಿರಣಿಯ ಗೋದಾಮಿನಲ್ಲಿ ಹತ್ತಿಯ ಬೇಲು ನೆನೆದಾಗಲೂ ಇದೇ ಪ್ರಶ್ನೆ ಅಲ್ಲವೇ? ನೆನೆದದ್ದು ಎಲ್ಲರಿಗೂ ಕಾಣುತ್ತದೆ. ಮಳೆಯ ನೀರೋ, ಪೈಪು ಒಡೆದ ನೀರೋ ಎಂಬಲ್ಲಿಯೇ ತಕರಾರು.

ದಿನಾಂಕವೂ ಸಣ್ಣ ವಿಷಯವಲ್ಲ. ಯುದ್ಧದ ವಿಮೆಯವರು ಸಾಮಾನ್ಯವಾಗಿ ಏಳು ದಿನದ ನೋಟೀಸು ಕೊಟ್ಟು ಹಿಂದೆ ಸರಿಯಬಹುದು. ನಷ್ಟವಾದದ್ದು ಯಾವ ದಿನ? ವಿಮಾನಗಳೇನೋ ರಷ್ಯದ ಆಕಾಶದಲ್ಲಿ ಹಾರಾಡುತ್ತಲೇ ಇದ್ದವು!

ಇನ್ನು ವಾದಿಸುವವರ ಮಾತು. ಇಂಗ್ಲೆಂಡಿನ ವಕೀಲಿಯಲ್ಲಿ ಎರಡು ವರ್ಗ. ಕಕ್ಷಿಗಾರನು ಮೊದಲು ಕಾಣುವುದು ಸಾಲಿಸಿಟರನನ್ನು. ಕಾಗದಪತ್ರ ಕಲೆಹಾಕುವವನು ಅವನು. ಮೇಲಿನ ಕೋರ್ಟಿನಲ್ಲಿ ನಿಂತು ವಾದಿಸುವುದು ಹೆಚ್ಚಾಗಿ ಬ್ಯಾರಿಸ್ಟರನ ಕೆಲಸ. ನಮ್ಮ ಮುಂಬಯಿ ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿಯೂ 1976ರ ಕಾಯ್ದೆ ತಿದ್ದುಪಡಿಯವರೆಗೆ ಇಂಥದೇ ಪದ್ಧತಿ ಇತ್ತು. ಬ್ಯಾರಿಸ್ಟರರಿಗೆ ಒಂದು ಕಟ್ಟಳೆಯುಂಟು: ಸಾಲಿನಲ್ಲಿ ನಿಂತ ಟ್ಯಾಕ್ಸಿಯವನಂತೆ, ತನ್ನ ಕಸುಬಿನ ಕೆಲಸ ಬಂದು, ಬಿಡುವೂ ತಕ್ಕ ಫೀಜೂ ಇದ್ದರೆ, ಕಕ್ಷಿಗಾರ ಮನಸ್ಸಿಗೆ ಬರಲಿಲ್ಲವೆಂದು ಒಲ್ಲೆನ್ನಬಾರದು. (ದಾದರಿನಲ್ಲಿ ಟ್ಯಾಕ್ಸಿಗೆ ಕೈ ಅಡ್ಡ ಮಾಡಿದವರು ಈ ಹೋಲಿಕೆಗೆ ನಕ್ಕಾರು.) ಆದ್ದರಿಂದ ಇಂದು ವಿಮೆಯವರ ಪರ ನಿಂತವನು ನಾಳೆ ಮಾಲಿಕರ ಪರ ನಿಲ್ಲಬಹುದು. ಒಂದೇ ಚೇಂಬರಿನ ಇಬ್ಬರು ಎದುರುಬದುರಾಗುವುದೂ ಉಂಟು. ಏಕೆಂದರೆ ಚೇಂಬರು ಕಂಪನಿಯಲ್ಲ, ಖರ್ಚು ಹಂಚಿಕೊಂಡ ಸ್ವತಂತ್ರರ ಕೂಟ. ಯಾರಿಗೆ ಯಾವ ಕೆಲಸ, ಫೀಜೆಷ್ಟು ಎಂದು ಮಾತಾಡಿ ಗೊತ್ತುಮಾಡುವವನು ಅಲ್ಲಿಯ ಗುಮಾಸ್ತ. ಗುಮಾಸ್ತಿಕೆಗೆ ಇಷ್ಟು ಮಾನವಿರುವ ಜಾಗ ಬೇರೊಂದನ್ನು ನಾನರಿಯೆ.

ಆರು ಮಾಲಿಕ ಕಂಪನಿಗಳ ದಾವೆ 1895ರಲ್ಲಿ ಸ್ಥಾಪಿತವಾದ ಲಂಡನ್ನಿನ ಕಮರ್ಶಿಯಲ್ ಕೋರ್ಟಿಗೆ ಬಂತು. ವಿಚಾರಣೆ 2024ರ ಅಕ್ಟೋಬರಿನಲ್ಲಿ ಮೊದಲಾಯಿತು. ನ್ಯಾಯಮೂರ್ತಿ ಬುಚರ್ ಅವರು 2025ರ ಜೂನ್ 11ರಂದು ತೀರ್ಪು ಕೊಟ್ಟರು. ವಿಮಾನ ಒಡೆದು ಚೂರಾಗಬೇಕಿಲ್ಲ. ಮಾಲಿಕನ ಕೈಗೆ ಅದು ಮರಳುವ ಸಂಭವಕ್ಕಿಂತ ಮರಳದಿರುವ ಸಂಭವವೇ ಹೆಚ್ಚಾಗಿದ್ದರೆ ಅದು ನಷ್ಟವೇ. ಆ ಸ್ಥಿತಿ ಬಂದದ್ದು ಮಾರ್ಚ್ 10ರಂದು, ಕಾರಣ ಸರಕಾರದ ಆಜ್ಞೆ, ಹೊಣೆ ಯುದ್ಧದ ವಿಮೆಯವರದು.

ಮಾಲಿಕರು ಗೆದ್ದರು, ನಿಜ. ಆದರೆ ಏರ್‌ಕ್ಯಾಪ್ ಮೊದಲು ಕೇಳಿದ್ದುದು ಸಾಮಾನ್ಯ ಖಾನೆಯಿಂದ ಸುಮಾರು 200 ಕೋಟಿ ಡಾಲರ್. ಯುದ್ಧದ ಖಾನೆಗೆ ಹಣದ ಮಿತಿ ಕಡಿಮೆ. ಆದ್ದರಿಂದ ಅದಕ್ಕೆ ದಕ್ಕಿದ್ದು ಸುಮಾರು 103 ಕೋಟಿ.