ಮೊಡವೆಯೂ ಮುಲಾಮೂ

ಹದಿಹರೆಯ ಕಾಲಿಟ್ಟ ಮುಖದಲ್ಲಿ ಮೊಡವೆಯೂ ಕಾಲಿಡುವುದು ವಾಡಿಕೆ. ಹಿರಿಯರು ‘ಪ್ರಾಯದ ಗುಳ್ಳೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ಕನ್ನಡಿಯ ಮುಂದೆ ನಿಂತ ತರುಣಿಗೆ ಮಾತ್ರ ಅದು ನಗುವ ವಿಷಯವಲ್ಲ. ಮದುವೆಗೆ ಹದಿನೈದೇ ದಿನ ಉಳಿದಿರುವಾಗ ಗಲ್ಲದ ಮೇಲೆ ಕೆಂಪನೆಯ ಮೊಡವೆಯೊಂದು ತಲೆಯೆತ್ತಿತೆಂದರೆ ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಅತ್ತಿಗೆ ಒಂದು ಟ್ಯೂಬನ್ನು ಕೊಡುತ್ತಾಳೆ, ಗೆಳತಿ ಮತ್ತೊಂದನ್ನು. ಔಷಧದಂಗಡಿಯವನ ಬಳಿ ಮೂರನೆಯದು ಸಿದ್ಧವಾಗಿರುತ್ತದೆ. ಈ ಮೂರರಲ್ಲಿ ಯಾವುದು ಹಿತ, ಯಾವುದು ಅಹಿತ?

ಮೊಡವೆಯ ಹುಟ್ಟನ್ನು ಮೊದಲು ನೋಡೋಣ. ಈ ವಯಸ್ಸಿನಲ್ಲಿ ಚರ್ಮದ ಗ್ರಂಥಿಗಳು ಅತಿಯಾಗಿ ಜಿಡ್ಡನ್ನು ಸ್ರವಿಸುತ್ತವೆ. ರೋಮಕೂಪದ ಬಾಯಿಯನ್ನು ಸತ್ತ ಜೀವಕೋಶಗಳು ಬಿರಟೆಯಂತೆ ಮುಚ್ಚಿದಾಗ, ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಸೂಕ್ಷ್ಮಾಣುಗಳು ವೃದ್ಧಿಸಿ ಊತವೇಳುತ್ತದೆ. ಇದು ಕೊಳೆಯಿಂದ ಬಂದ ವ್ಯಾಧಿಯಲ್ಲ. ಮುಖವನ್ನು ದಿನಕ್ಕೆ ಐದಾರು ಬಾರಿ ಉಜ್ಜಿ ತೊಳೆದರೆ ಕೆರಳುವುದೇ ಹೊರತು ಗುಣವಾಗದು. ಕಣ್ಣಿಗೆ ಬೀಳುವುದಕ್ಕೆ ವಾರಗಟ್ಟಲೆ ಮೊದಲೇ ಮೊಡವೆ ಒಳಗೆ ಮೊಳೆತಿರುತ್ತದೆ. ಆದುದರಿಂದಲೇ ನಿಜವಾದ ಔಷಧವೂ ಸಾವಕಾಶವಾಗಿ ಕೆಲಸಮಾಡುತ್ತದೆ. ಫಲ ಕಾಣಲು 8ರಿಂದ 12 ವಾರ ಬೇಕು.

ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಲೇಪಗಳಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಒಂದು; ಅದು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಶೇಕಡ 10ರ ಲೇಪವೇ ಮೇಲೆಂದು ಅನೇಕರ ಭಾವನೆ. ಶೇಕಡ 2.5ರದೂ ಬಹುಮಟ್ಟಿಗೆ ಅಷ್ಟೇ ಗುಣಕಾರಿ, ಉರಿ ಮಾತ್ರ ಕಡಮೆ. (ಬಣ್ಣದ ಬಟ್ಟೆಗೆ ಇದು ಪರಮವೈರಿ; ದಿಂಬಿಗೆ ಬಿಳಿಯ ಗವಸನ್ನೇ ಹಾಕಿಕೊಳ್ಳಿರಿ.) ಟ್ರೆಟಿನಾಯಿನ್, ಅಡಾಪಲೀನ್ ಎಂಬವು ‘ಎ’ ಜೀವಸತ್ವದ ಬಳಗಕ್ಕೆ ಸೇರಿದವು; ರೋಮಕೂಪದ ಬಿರಟೆಯನ್ನು ಸಡಿಲಿಸುವುದು ಇವುಗಳ ಕಾರ್ಯ. ಇವನ್ನು ರಾತ್ರಿಯೇ ಹಚ್ಚತಕ್ಕದ್ದು. ಮುಖವನ್ನು ತೊಳೆದು, ಚೆನ್ನಾಗಿ ಒಣಗಿದ ಮೇಲೆ, ಒಂದು ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಸವರಬೇಕು. ಮೊಡವೆಯ ತಲೆಯ ಮೇಲೆ ಮಾತ್ರ ಬೊಟ್ಟಿಟ್ಟರೆ ಮುಂದೆ ಹುಟ್ಟಲಿರುವುದನ್ನು ತಡೆಯುವವರಾರು? ಕಣ್ಣು, ತುಟಿ, ಮೂಗಿನ ಮೂಲೆಗಳನ್ನು ಬಿಡಬೇಕು. ಮೊದಲ ಕೆಲವು ವಾರ ದಿನ ಬಿಟ್ಟು ದಿನ ಹಚ್ಚಿದರೆ ಸಾಕು. ಚರ್ಮ ಒಣಗಿ ಹೊಟ್ಟೇಳುವುದುಂಟು, ಮೊಡವೆ ತುಸು ಹೆಚ್ಚಿದಂತೆ ಕಾಣುವುದೂ ಉಂಟು. ಬಹುಮಂದಿ ಟ್ಯೂಬನ್ನು ಎಸೆಯುವುದು ಈ ಘಟ್ಟದಲ್ಲಿಯೇ. ನಾಲ್ಕು ದಿನ ತಾಳಿದ್ದರೆ ಗೆಲ್ಲುತ್ತಿದ್ದರು! ಮುಖವೆಲ್ಲ ಊದಿಕೊಂಡರೆ, ಇಲ್ಲವೆ ಉಸಿರಾಟಕ್ಕೆ ತೊಂದರೆಯಾದರೆ, ತಾಳುವ ಮಾತಿಲ್ಲ. ಲೇಪವನ್ನು ನಿಲ್ಲಿಸಿ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ಬಿಸಿಲಿಗೆ ಹೋಗುವಾಗ ಮುಖಕ್ಕೆ ರಕ್ಷಣೆ ಬೇಕು. ಗರ್ಭಿಣಿಯರೂ ಗರ್ಭವನ್ನು ನಿರೀಕ್ಷಿಸುವವರೂ ಈ ಎರಡನ್ನು ಬಳಸಲಾಗದು.

ಇನ್ನು ಗೆಳತಿಯ ಟ್ಯೂಬು. ಹಚ್ಚಿದ ನಾಲ್ಕೇ ದಿನಗಳಲ್ಲಿ ಕೆಂಪಿಳಿದು ಮುಖ ಬೆಳ್ಳಗೆ ಹೊಳೆಯಿತೆಂದರೆ, ಸಂತೋಷಪಡುವ ಮೊದಲು ಸಂಶಯಪಡಬೇಕು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳು ಅದರ ಮೇಲಿದ್ದರೆ ಅದು ಸ್ಟೀರಾಯ್ಡ್ ಮುಲಾಮು. ಇಸಬು ಮೊದಲಾದ ರೋಗಗಳಿಗೆ ಅದು ದಿವ್ಯೌಷಧವೇ ಸರಿ, ಮೊಡವೆಗಲ್ಲ. ತಿಂಗಳುಗಟ್ಟಲೆ ಹಚ್ಚಿದ ಮುಖದಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಕೂದಲು ಬೆಳೆಯುತ್ತದೆ, ಹೊಸ ಮೊಡವೆಗಳೇ ಹಿಂಡುಹಿಂಡಾಗಿ ಏಳುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ತಾತ್ಕಾಲಿಕ ಶಾಂತಿ. ಹೀಗೆ ಮುಖವು ಮುಲಾಮಿನ ಅಡಿಯಾಳಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿಯೇ ವಿಧಿಸಿದೆ. ವಿಧಿಯನ್ನು ಕಾಗದದ ಮೇಲೆ ಬಿಟ್ಟು ಮುಲಾಮನ್ನು ಕೈಗೆ ಕೊಡುವ ಅಂಗಡಿಗಳು ಮಾತ್ರ ಇನ್ನೂ ಇವೆ.

ಈಗಾಗಲೇ ಬಹುಕಾಲದಿಂದ ಅದನ್ನು ಹಚ್ಚುತ್ತಿರುವವರು ಹೆದರಿ ಒಮ್ಮೆಲೇ ಬಿಸುಡದೆ, ಚರ್ಮವೈದ್ಯರನ್ನು ಕಂಡು, ಅವರು ಹೇಳಿದ ಕ್ರಮದಲ್ಲಿ ಬಿಡಬೇಕು. ಹೋಗುವಾಗ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಅವರು ಓದಲಿ.