ಪಹಣಿಯಲ್ಲಿ ನಿಮ್ಮ ಹೆಸರಿದೆಯೇ?

ಮದ್ದೂರು ಎಂದೊಡನೆ ನಿಮಗೆ ವಡೆಯ ನೆನಪಾಗಬಹುದು. ಆದರೆ ಶಿಂಷಾ ನದಿ ತೀರದ ಈ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕ ಸರಕಾರದ 'ಭೂಮಿ' ಯೋಜನೆ ಮೊದಲು ಪ್ರಯೋಗಕ್ಕೆ ಬಂದದ್ದು ಮದ್ದೂರು ತಾಲೂಕಿನಲ್ಲಿ.

ಅದಕ್ಕೆ ಮುಂಚಿನ ಸ್ಥಿತಿ ಹೇಗಿತ್ತೆಂದು ಮನೆಯ ಹಿರಿಯರಲ್ಲಿ ಕೇಳಿ ನೋಡಿ. ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮಲೆಕ್ಕಿಗರ ಬಳಿ, ಕೈಬರಹದ ಪುಸ್ತಕಗಳಲ್ಲಿದ್ದವು. ಬೆಳೆ ಸಾಲಕ್ಕಾಗಿ ಒಂದು ಪ್ರತಿ ಬೇಕೆಂದರೂ ಅಲೆದಾಡಬೇಕು, ಕೈ ಬೆಚ್ಚಗೆ ಮಾಡಬೇಕು. ಅಕ್ಷರ ತಿಳಿಯದ ವಿಧವೆಯ ಪಾಡನ್ನಂತೂ ಹೇಳುವುದೇ ಬೇಡ!

'ಭೂಮಿ' ಬಂದ ಬಳಿಕ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆರಂಭದ ವರ್ಷಗಳಲ್ಲಿ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲೇ ಪ್ರತಿ ಸಿಗುತ್ತಿತ್ತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಕೌಂಟರಿನಲ್ಲಿ ಜನರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಡಲಾಗಿತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವರಿಗೂ ಕಾಣಬೇಕೆಂಬುದು ಅದರ ಉದ್ದೇಶ. ಬೇರೆ ರಾಜ್ಯಗಳೂ ಇದನ್ನು ನೋಡಿ ಕಲಿತವು. 2003ರ ಡಿಸೆಂಬರಿನಲ್ಲಿ ಜಿನೀವಾದ ವಿಶ್ವಸಂಸ್ಥೆಯ ಶೃಂಗಸಭೆಯಲ್ಲಿ ಸೇರಿದ ದೇಶಗಳು, ಮಾಹಿತಿ ಸಮಾಜವು ಜನಕೇಂದ್ರಿತವಾಗಿರಬೇಕು, ಅದರಲ್ಲಿ ಎಲ್ಲರಿಗೂ ಪಾಲಿರಬೇಕು ಎಂದು ಘೋಷಿಸಿದವು.

ಎಲ್ಲರಿಗೂ ಎಂದರೆ ಹೆಣ್ಣಿಗೂ ತಾನೇ? ಸಹೋದರಿಯರೇ, ಇಲ್ಲಿ ಸ್ವಲ್ಪ ಯೋಚಿಸಿ. ಕಂಪ್ಯೂಟರಿಗೆ ಗೊತ್ತಿರುವುದು ನಾವು ಬರೆಸಿದ್ದು ಮಾತ್ರ. ಹಳೆಯ ಪುಸ್ತಕದಲ್ಲಿ ಇಲ್ಲದ ಹೆಸರು ಹೊಸ ಪರದೆಯಲ್ಲಿ ತಾನಾಗಿ ಮೂಡುವುದಿಲ್ಲ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಗಂಡುಮಕ್ಕಳ ಹೆಸರನ್ನಷ್ಟೇ ಬರೆಸಿ, "ಅವಳನ್ನು ಮದುವೆ ಮಾಡಿ ಕೊಟ್ಟಾಯಿತಲ್ಲ" ಎಂದು ಸುಮ್ಮನಾಗುವ ಮನೆಗಳು ನಮ್ಮ ನಡುವೆ ಇಲ್ಲವೇ? ಮಗಳಿಗೆ, ಪತ್ನಿಗೆ, ತಾಯಿಗೆ ಇಂತಿಷ್ಟು ಪಾಲೆಂದು ಕುರ್‌ಆನ್ ಸ್ಪಷ್ಟವಾಗಿ ಗೊತ್ತುಪಡಿಸಿದೆ. ನಮಾಝ್, ಉಪವಾಸಗಳ ಬಗ್ಗೆ ಎಚ್ಚರವಿರುವ ನಾವು ಈ ಲೆಕ್ಕದಲ್ಲಿ ಮಾತ್ರ ಮರೆವು ನಟಿಸುವುದೇಕೆ?

ಇಂದು ಊರು, ಹೋಬಳಿ, ಸರ್ವೆ ನಂಬರ್ ತಿಳಿದಿದ್ದರೆ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಬೆಸಗರಹಳ್ಳಿಯಲ್ಲಿರಲಿ, ಕೊಪ್ಪದಲ್ಲಿರಲಿ, ದೂರದ ಗಲ್ಫ್‌ನಲ್ಲೇ ಇರಲಿ, ಯಾರ ಹಂಗೂ ಬೇಡ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರಿರುತ್ತದೆ. 11ನೆಯದರಲ್ಲಿ ಸಾಲ ಮತ್ತಿತರ ಹಕ್ಕು-ಋಣಗಳ ವಿವರವಿರುತ್ತದೆ. ಈ ಎರಡನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಹೆಸರಿಲ್ಲವೆಂದು ಎದೆಗುಂದಬೇಕಾಗಿಲ್ಲ. ಪಹಣಿಯಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ವಾರಸುದಾರಿಕೆಯ ಹಕ್ಕು ಅಳಿಯುವುದಿಲ್ಲ. ಆದರೆ ತಡವಾದಷ್ಟೂ ಅದನ್ನು ಸಾಬೀತುಪಡಿಸುವುದು ಕಷ್ಟ. ಖಾತೆ ಬದಲಾವಣೆಗೆ ಮುನ್ನ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶವಿರುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳೆಲ್ಲರ ಹೆಸರು ಸೇರಿದೆಯೇ ಎಂದು ನೋಡಿ. ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ. ಮೊಬೈಲಿಗೆ ಬಂದ ಓಟಿಪಿಯನ್ನಾಗಲೀ ಹೆಬ್ಬೆರಳನ್ನಾಗಲೀ ಯಾತಕ್ಕೆಂದು ತಿಳಿಯದೆ ಕೊಡಬೇಡಿ.

ಅಣ್ಣತಮ್ಮಂದಿರೊಂದಿಗೆ ಜಗಳವಾಡಿ ಎಂದು ಇದರರ್ಥವಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಪಹಣಿ ನೋಡಿದರೆ ನಾಳೆಯ ಎಷ್ಟೋ ಜಗಳಗಳು ಇಂದೇ ತಪ್ಪುತ್ತವೆ. ಮನೆಯಲ್ಲಿ ಓದುವ ಮಗಳಿದ್ದಾಳಲ್ಲ, ಆಕೆಯ ಕೈಗೆ ಮೊಬೈಲ್ ಕೊಟ್ಟು ತಾತನ ಜಮೀನಿನ ಸರ್ವೆ ನಂಬರ್ ಹುಡುಕಲು ಹೇಳಿ. ಆ ದಾಖಲೆಯಲ್ಲಿ ತನಗೂ ಜಾಗವಿದೆ ಎಂಬುದು ಆಕೆಗೆ ಈಗಲೇ ತಿಳಿಯಲಿ.