ಹಳೆಯ ಪಿಕಪ್ಪಿಗೆ ಯಾವ ಟೈರು?

ಪ್ರೇಕ್ಷಕರಿಂದ ಬರುವ ಪತ್ರಗಳನ್ನು ನಾವು ಎರಡು ಕಟ್ಟು ಮಾಡಿ ಇಡುತ್ತೇವೆ. ಸ್ಟುಡಿಯೋಗೆ ಬರುವ ತಜ್ಞರ ಮುಂದಿಡುವಂಥವು ಒಂದು ಕಟ್ಟಿನಲ್ಲಿ. ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಿ ಮುಗಿಸಲಾಗದಂಥವು ಇನ್ನೊಂದರಲ್ಲಿ. ಈ ಸಲ ಎರಡನೆಯ ಕಟ್ಟಿನಿಂದ ಒಂದು ಪತ್ರವನ್ನು ಎತ್ತಿಕೊಂಡಿದ್ದೇನೆ. ಬರೆದವರು ಚಿಂತಾಮಣಿ ಕಡೆಯ ಒಬ್ಬ ಪಿ.ಯು.ಸಿ. ವಿದ್ಯಾರ್ಥಿ. ಅವರ ತಂದೆಯವರು ಒಂದು ಹಳೆಯ ಪಿಕಪ್ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಟೊಮೆಟೊವನ್ನು ಕೋಲಾರದ ಮಾರುಕಟ್ಟೆಗೆ ಸಾಗಿಸುತ್ತಾರೆ. ಪತ್ರದ ಸಾರಾಂಶ ಇಷ್ಟು: ಹಿಂದಿನ ಎರಡು ಟೈರುಗಳು ಸವೆದು ನುಣ್ಣಗಾಗಿವೆ. ಮುಂದಿನವು ಒಂದೇ ಅಂಚಿನಲ್ಲಿ ಸವೆದಿವೆ. ಕೈಯಲ್ಲಿರುವ ದುಡ್ಡಿಗೆ ಪಿಕಪ್ಪಿನ ಟೈರು ಎರಡೇ ಬರುತ್ತವೆ. ಅದೇ ಅಳತೆಯ ಕಾರಿನ ಟೈರಾದರೆ ಮೂರು ಬರುತ್ತವೆ, ನಾಲ್ಕನೆಯದಕ್ಕೆ ಸೆಕೆಂಡ್ ಹ್ಯಾಂಡ್ ಹಾಕೋಣ ಎಂದು ಅಂಗಡಿಯವರು ಹೇಳುತ್ತಾರೆ. "ಅಳತೆ ಒಂದೇ ಆದ ಮೇಲೆ ಕಾರಿನದಾದರೇನು, ಪಿಕಪ್ಪಿನದಾದರೇನು ಸಾರ್?"

ಸಣ್ಣ ಪ್ರಶ್ನೆಯೇನಲ್ಲ. ಆ ಗಾಡಿಯ ದುಡಿಮೆಯಿಂದ ಒಂದು ಮನೆ ನಡೆಯುತ್ತಿದೆ. ಕತ್ತಲಿರುವಾಗಲೇ ಹೊರೆ ಹೊತ್ತು ಹೊರಡುವ ಅದನ್ನು ಓಡಿಸುವವರ ಜೀವವೂ ಆ ನಾಲ್ಕು ಟೈರುಗಳನ್ನೇ ನಂಬಿಕೊಂಡಿದೆ.

ಮೊದಲು ಒಂದು ಮಾತು. ಗಾಡಿಯ ಭಾರವನ್ನು ಹೊರುವುದು ರಬ್ಬರ್ ಅಲ್ಲ, ಅದರೊಳಗಿನ ಗಾಳಿ. ಟೈರು ಎನ್ನುವುದು ಒತ್ತಡದ ಗಾಳಿಯನ್ನು ಹಿಡಿದಿಡುವ ಒಂದು ಪಾತ್ರೆ, ಅಷ್ಟೇ. ಲೆಕ್ಕ ಹಾಕಿ ನೋಡೋಣ. ಟೊಮೆಟೊ ಬಾಕ್ಸಿಗೆ 15 ಕಿಲೋ. 80 ಬಾಕ್ಸ್ ಹೇರಿದರೆ 1,200 ಕಿಲೋ. ಗಾಡಿಯದೇ ತೂಕ 1,600 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 2,800. ಹೊರೆಯ ಬಹುಭಾಗ ಹಿಂದಿನ ಅಚ್ಚಿನ ಮೇಲೆಯೇ ಬೀಳುವುದರಿಂದ ಹಿಂದಿನ ಎರಡು ಚಕ್ರಗಳ ಪಾಲು ಸುಮಾರು 1,900 ಕಿಲೋ, ಅಂದರೆ ಒಂದೊಂದಕ್ಕೆ 950. ಟೈರಿನಲ್ಲಿ ಚದರ ಅಂಗುಲಕ್ಕೆ 60 ಪೌಂಡ್ ಗಾಳಿ ಇದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ ಒತ್ತಡ. 950ನ್ನು 4.2ರಿಂದ ಭಾಗಿಸಿದರೆ 226 ಚದರ ಸೆಂಟಿಮೀಟರ್ ಬರುತ್ತದೆ. ನಮ್ಮ ಅಂಚೆ ಕಾರ್ಡಿನ ಅಳತೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಹೆಚ್ಚುಕಡಿಮೆ ಒಂದು ಟನ್ ಭಾರ ರಸ್ತೆಯ ಮೇಲೆ ನಿಂತಿರುವುದು ಎರಡು ಅಂಚೆ ಕಾರ್ಡಿಗಿಂತ ಕಡಿಮೆ ಜಾಗದಲ್ಲಿ! ಬ್ರೇಕ್ ಹಿಡಿಯುವುದೂ ತಿರುವು ತೆಗೆದುಕೊಳ್ಳುವುದೂ ಅಷ್ಟೇ ಜಾಗದ ಹಿಡಿತದಿಂದ.

ಈಗ ಅಳತೆಗೆ ಬರೋಣ. ಟೈರಿನ ಪಕ್ಕದ ಗೋಡೆಯ ಮೇಲೆ '215/75 ಆರ್ 15' ಎಂದು ಬರೆದಿದೆ ಎನ್ನಿ. ಅಗಲ 215 ಮಿಲಿಮೀಟರ್; ಗೋಡೆಯ ಎತ್ತರ ಅದರ ಶೇಕಡಾ 75; ಒಳಗಿನ ಉಕ್ಕಿನ ಡಿಸ್ಕಿನ ವ್ಯಾಸ 15 ಅಂಗುಲ; 'ಆರ್' ಎಂದರೆ ರೇಡಿಯಲ್. ಇಷ್ಟು ಮಾತ್ರ ಓದಿ ನಿಲ್ಲಿಸಿದರೆ ಅಂಗಡಿಯವರ ಮಾತು ಸರಿಯೆಂದೇ ತೋರುತ್ತದೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಅಂಕಿಯೂ ಒಂದು ಅಕ್ಷರವೂ ಇರುತ್ತವೆ. ಅಂಕಿ ಭಾರದ ಸೂಚ್ಯಂಕ, ಅಕ್ಷರ ವೇಗದ ಮಿತಿ. ಸೂಚ್ಯಂಕ 100 ಇದ್ದರೆ ಆ ಟೈರು ಹೊರಬಲ್ಲದ್ದು 800 ಕಿಲೋ. 108 ಇದ್ದರೆ 1,000 ಕಿಲೋ. 112 ಇದ್ದರೆ 1,120. ಎರಡು ಅಂಕಿಗಳನ್ನು ಓರೆಗೆರೆ ಹಾಕಿ ಬರೆದಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ನಮ್ಮ ಲೆಕ್ಕದಲ್ಲಿ ಹಿಂದಿನ ಚಕ್ರಕ್ಕೆ ಬೀಳುವ ಭಾರ 950 ಕಿಲೋ. 100ರ ಟೈರಿಗೆ ಅದು 150 ಕಿಲೋ ಹೆಚ್ಚಾಯಿತು. ಹೊರಗಿನ ಅಳತೆ ಒಂದೇ ಇದ್ದರೂ ಒಳಗಿನ ಹಂದರ ಬೇರೆ. ಪಿಕಪ್ಪಿನ ಟೈರಿನ ಹಂದರ ಹೆಚ್ಚು ಗಟ್ಟಿ. ಆದ್ದರಿಂದಲೇ ಅದು ಹೆಚ್ಚು ಗಾಳಿಯನ್ನು ತಡೆದುಕೊಳ್ಳುತ್ತದೆ, ಹೆಚ್ಚು ಭಾರವನ್ನೂ ಹೊರುತ್ತದೆ.

ಇದನ್ನು ಪತ್ತೆ ಹಚ್ಚಲು ಇನ್ನೂ ಒಂದು ದಾರಿಯಿದೆ. ನಮ್ಮ ದೇಶದಲ್ಲಿ ಮಾರುವ ವಾಹನ ಟೈರುಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯ. ಮುದ್ರೆಯ ಜೊತೆಗಿರುವ ಸಂಖ್ಯೆ 15633 ಆಗಿದ್ದರೆ ಅದು ಕಾರಿನ ಟೈರು. 15636 ಆಗಿದ್ದರೆ ಸರಕು ವಾಹನದ್ದು. ಅಂಗಡಿಯಲ್ಲಿ ಬೆರಳಿಟ್ಟು ತೋರಿಸಿ ಕೇಳಿ. ನಾಚಿಕೆ ಬೇಡ.

ಹೆಚ್ಚು ಭಾರ ಹೇರಿದ ಟೈರು ಆ ಕೂಡಲೇ ಸಿಡಿಯುವುದಿಲ್ಲ. ನಿಧಾನವಾಗಿ ಒಳಗೊಳಗೇ ಬೇಯುತ್ತದೆ. ಚಕ್ರ ಒಂದು ಸುತ್ತು ಸುತ್ತುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ರಬ್ಬರ್ ಹೀಗೆ ಬಾಗಿ ಸೆಟೆದಾಗ ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದಷ್ಟನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ನಾವು ಹೇಳಿದ ಟೈರಿನ ವ್ಯಾಸ ಸುಮಾರು 70 ಸೆಂಟಿಮೀಟರ್, ಸುತ್ತಳತೆ 2.2 ಮೀಟರ್. ಕಿಲೋಮೀಟರಿಗೆ ಸುಮಾರು 450 ಸುತ್ತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಒಂದು ಗಂಟೆಯಲ್ಲಿ 22,000ಕ್ಕೂ ಹೆಚ್ಚು ಸಲ ಅದೇ ಜಾಗ ಬಾಗಿ ಸೆಟೆಯುತ್ತದೆ. ರಬ್ಬರ್ ಶಾಖವನ್ನು ಬೇಗ ಹೊರಗೆ ಬಿಡುವುದೂ ಇಲ್ಲ. ಭಾರ ಹೆಚ್ಚಾದರೆ ಬಾಗು ಹೆಚ್ಚು, ಗಾಳಿ ಕಡಿಮೆಯಾದರೂ ಬಾಗು ಹೆಚ್ಚು. ಶಾಖ ಏರಿದಂತೆ ನೂಲಿಗೂ ರಬ್ಬರಿಗೂ ಇರುವ ಅಂಟು ಬಿಡುತ್ತದೆ. ಕೊನೆಗೆ ಒಂದು ದಿನ, ಸಾಮಾನ್ಯವಾಗಿ ಬೇಸಿಗೆಯ ಮಧ್ಯಾಹ್ನ, ಟೈರು ಸಿಡಿಯುತ್ತದೆ. 'ಕಲ್ಲು ತಾಗಿತು' ಎಂದು ನಾವು ಕಲ್ಲನ್ನು ದೂರುತ್ತೇವೆ.

ಇಲ್ಲಿ ಅನೇಕ ಚಾಲಕರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ದಾರಿಯಲ್ಲಿ ಟೈರು ಬಿಸಿಯಾಗಿದೆ, ಗಾಳಿ ಹೆಚ್ಚಾಗಿದೆ ಎಂದು ಸ್ವಲ್ಪ ಗಾಳಿ ಬಿಟ್ಟುಬಿಡುತ್ತಾರೆ. ಪಠ್ಯಪುಸ್ತಕದ ಅನಿಲ ನಿಯಮವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ 27 ಡಿಗ್ರಿಯಲ್ಲಿ 60 ತೋರಿಸಿದ ಗೇಜು, ಒಳಗಿನ ಗಾಳಿ 57 ಡಿಗ್ರಿಗೆ ಏರಿದಾಗ ಸುಮಾರು 67 ತೋರಿಸಬೇಕು. (ಲೆಕ್ಕ ಮಾಡುವಾಗ ವಾಯುಮಂಡಲದ 14.7ನ್ನು ಕೂಡಿಸಿಕೊಳ್ಳಲು ಮರೆಯಬೇಡಿ.) ಇದು ಸಹಜವಾದ ಏರಿಕೆ. ಅದನ್ನು ಹೊರಗೆ ಬಿಟ್ಟರೆ ಸಂಜೆ ಟೈರು ತಣ್ಣಗಾದಾಗ ಗಾಳಿ ಕಡಿಮೆಯಾಗಿರುತ್ತದೆ, ಮರುದಿನ ಇನ್ನಷ್ಟು ಬಿಸಿಯಾಗುತ್ತದೆ. ಗಾಳಿ ನೋಡಬೇಕಾದ್ದು ಹೊರಡುವ ಮುಂಚೆ, ಟೈರು ತಣ್ಣಗಿರುವಾಗ. ಇನ್ನು ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸುವ ವಿಚಾರ: ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಗೇಜು ಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಗ್ಗ ಯಾವುದು? ಬೆಲೆಯ ಚೀಟಿ ನೋಡಿ ಹೇಳಲಾಗದು. ಊಹೆಗೆ ಮೂರು ಟೈರು ತೆಗೆದುಕೊಳ್ಳಿ. 8,000 ರೂಪಾಯಿಯದು 50,000 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 16 ಪೈಸೆ. 6,000 ರೂಪಾಯಿಯದು 30,000 ಓಡಿದರೆ 20 ಪೈಸೆ. 3,000ಕ್ಕೆ ತಂದ ಸೆಕೆಂಡ್ ಹ್ಯಾಂಡ್ 10,000ಕ್ಕೆ ಮುಗಿದರೆ 30 ಪೈಸೆ. ಎಲ್ಲಕ್ಕಿಂತ ಕಡಿಮೆ ಬೆಲೆಯದೇ ಎಲ್ಲಕ್ಕಿಂತ ದುಬಾರಿಯಾಯಿತು. ನಿಮ್ಮ ಗಾಡಿಯ ಹಿಂದಿನ ಟೈರುಗಳು ಎಷ್ಟು ಓಡಿದವು ಎಂಬುದು ಮೀಟರಿನಲ್ಲಿ ಬರೆದಿಟ್ಟಿದ್ದರೆ ಊಹೆಯೂ ಬೇಕಾಗಿಲ್ಲ.

ನೈಲಾನ್ ಟೈರೋ ರೇಡಿಯಲ್ಲೋ ಎಂಬುದು ಹಳೆಯ ಜಗಳ. ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರುತ್ತವೆ. ಗೋಡೆ ದಪ್ಪ, ಕಲ್ಲುಮುಳ್ಳಿನ ಕಚ್ಚಾ ರಸ್ತೆಗೆ ಒಳ್ಳೆಯದು, ಬೆಲೆ ಕಡಿಮೆ. ಆದರೆ ಪದರಗಳು ಒಂದಕ್ಕೊಂದು ಉಜ್ಜಿ ಬೇಗ ಬಿಸಿಯಾಗುತ್ತದೆ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್‌ನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರವಾಗಿ ಸಾಗುತ್ತದೆ, ಮೇಲೆ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ತಂಪಾಗಿ ಓಡುತ್ತದೆ, ಹೆಚ್ಚು ಬಾಳುತ್ತದೆ, ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಗೋಡೆ ಮಾತ್ರ ತೆಳುವು. ದಿನವಿಡೀ ಡಾಂಬರು ರಸ್ತೆಯಾದರೆ ರೇಡಿಯಲ್. ಹೊಲದ ದಾರಿಯೇ ಹೆಚ್ಚಾದರೆ ನೈಲಾನ್. ಎರಡನ್ನೂ ಒಂದೇ ಅಚ್ಚಿಗೆ ಬೆರೆಸಬಾರದು.

ಸೆಕೆಂಡ್ ಹ್ಯಾಂಡ್ ಟೈರಿನ ಬಗ್ಗೆ ನನಗೆ ಸ್ವಂತ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಹೊರಾಂಗಣ ಚಿತ್ರೀಕರಣಕ್ಕೆ ಹೋಗಿದ್ದಾಗ ನಮ್ಮ ಸಲಕರಣೆ ಹೊತ್ತಿದ್ದ ಬಾಡಿಗೆ ಗಾಡಿಯ ಹಿಂದಿನ ಟೈರು ಸಿಡಿದು, ಗಾಡಿ ರಸ್ತೆ ಬಿಟ್ಟು ಹುಣಸೆ ಮರದ ಬುಡದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸಿಡಿದ ಟೈರಿನ ಬಟನ್ (ರಸ್ತೆಗೆ ತಾಗುವ ಗೀರುಗಳ ಭಾಗವನ್ನು ಗ್ಯಾರೇಜಿನಲ್ಲಿ ಹೀಗೆನ್ನುತ್ತಾರೆ) ಹೊಸದರಂತೆಯೇ ಇತ್ತು. ಗೋಡೆಯ ಮೇಲಿನ ತಾರೀಖು ಓದಿದಾಗ ತಿಳಿಯಿತು, ಅದಕ್ಕೆ ಹನ್ನೊಂದು ವರ್ಷ! ರಬ್ಬರ್ ಓಡದೆಯೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು ಸೇರಿ ಅದನ್ನು ಗಡುಸಾಗಿಸಿ ಸಣ್ಣ ಸಣ್ಣ ಬಿರುಕು ಬಿಡಿಸುತ್ತವೆ. 'ಡಿ.ಒ.ಟಿ.' ಎಂಬ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1423 ಎಂದಿದ್ದರೆ 2023ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು; ಹತ್ತು ದಾಟಿದ್ದು ಎಷ್ಟೇ ಚೆಂದವಿದ್ದರೂ ಬೇಡ.

ಇನ್ನು ಪತ್ರದಲ್ಲಿದ್ದ 'ಒಂದೇ ಅಂಚಿನ ಸವೆತ'. ನನಗೆ ಇಡೀ ಪತ್ರದಲ್ಲಿ ಮುಖ್ಯವೆನಿಸಿದ ಮಾತು ಇದು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚಾದರೆ ಚಕ್ರ ನೇರವಾಗಿ ನಿಂತಿಲ್ಲ. ಅಲೈನ್‌ಮೆಂಟ್ ತಪ್ಪಿರಬಹುದು, ಹಳೆಯ ಗಾಡಿಯಾದ್ದರಿಂದ ಬೇರಿಂಗ್ ಅಥವಾ ಸ್ಟೀರಿಂಗಿನ ಕೀಲುಗಳು ಸಡಿಲವಾಗಿರಬಹುದು. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ಅಂಚು ಮತ್ತೆ ಸವೆಯುತ್ತದೆ. ಮೊದಲ ಖರ್ಚು ಟೈರಿನ ಅಂಗಡಿಯಲ್ಲಲ್ಲ, ಮೆಕ್ಯಾನಿಕ್ಕಿನ ಬಳಿ.

ಹಾಗಾದರೆ ಚಿಂತಾಮಣಿಯ ಮಿತ್ರರು ಏನು ಮಾಡಬೇಕು? ಕಾರಿನ ಟೈರು ಬೇಡ. ಅಲೈನ್‌ಮೆಂಟ್ ಆದ ಮೇಲೆ, ಇರುವ ದುಡ್ಡಿಗೆ ಸರಿಯಾದ ಸೂಚ್ಯಂಕದ ಎರಡು ಹೊಸ ಟೈರು ತಂದು ಮುಂದಕ್ಕೆ ಹಾಕಿ. ಸ್ಟೀರಿಂಗ್ ಇರುವ ಚಕ್ರ ಸಿಡಿದರೆ ಗಾಡಿ ಕೈಗೆ ಸಿಗುವುದಿಲ್ಲ. ಬಿಚ್ಚಿದ ನಾಲ್ಕು ಹಳೆಯ ಟೈರುಗಳನ್ನು ರೀಟ್ರೆಡಿಂಗ್ ಮಾಡುವವರ ಬಳಿ ಒಯ್ಯಿರಿ. ನಮ್ಮ ಕಡೆ ಇದಕ್ಕೆ 'ರೀಬಟನ್' ಎನ್ನುತ್ತಾರೆ. ನೂಲು ಹೊರಗೆ ಕಾಣದೆ, ಗೋಡೆಯಲ್ಲಿ ಉಬ್ಬು, ಬಿರುಕು, ಕೊಯ್ತ ಇಲ್ಲದೆ, ವಯಸ್ಸೂ ಮೀರದೆ ಇರುವ ಎರಡು ಸಿಕ್ಕರೆ ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ಮೇಲ್ಪದರ ಹಾಕಿಸಿ ಹಿಂದಕ್ಕೆ ಬಳಸಬಹುದು. ನಾಲ್ಕರಲ್ಲಿ ಎರಡೂ ಸಿಗದಿದ್ದರೆ ಸ್ವಲ್ಪ ಸಾಲ ಮಾಡಿಯಾದರೂ ಹೊಸದೇ ಹಾಕಿಸಿ. ಅಲ್ಲಿಯವರೆಗೆ ಹೊರೆ ಹೇರಬೇಡಿ. ಮುಂದಿನ ಸಲ ಟೈರು ನುಣ್ಣಗಾಗುವ ತನಕ ಕಾಯಬೇಡಿ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸವೆತ ಅವುಗಳ ಮಟ್ಟಕ್ಕೆ ಬಂದರೆ ಆಳ 1.6 ಮಿಲಿಮೀಟರ್ ಉಳಿದಿದೆ ಎಂದರ್ಥ. ಕಾನೂನಿನ ಮಿತಿ ಅದೇ, ಮಳೆಯ ನೀರು ಪಕ್ಕಕ್ಕೆ ಹರಿಯಲು ಬೇಕಾದ ದಾರಿಯೂ ಅಲ್ಲಿಗೆ ಮುಗಿದಂತೆ.

ಸ್ಟೆಪ್ನಿಯ ಬಗ್ಗೆ ಪತ್ರದಲ್ಲಿ ಏನೂ ಇರಲಿಲ್ಲ. ಆ ಹೆಸರು ಬಂದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಬಿಡಿ ಚಕ್ರ ತಯಾರಿಸಿ ಮಾರಿದ ಕಂಪನಿ ಅಲ್ಲಿತ್ತು. ಹಳೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮುದಿಯಾದ ಟೈರು ಅದೇ ಆಗಿರುತ್ತದೆ. ಗಾಡಿಯ ಅಡಿಗೆ ಬಗ್ಗಿ, ಮಣ್ಣು ಒರೆಸಿ, ಅದರ ನಾಲ್ಕು ಅಂಕಿಗಳನ್ನೂ ಒಮ್ಮೆ ಓದಿ ನೋಡಿ.